ಮಧ್ಯಭೂಮಿಯ ಡ್ರ್ಯಾಗನ್‌ಗಳನ್ನು ಮೃಗಗಳ ಸಾಲಿನಲ್ಲಿ ಇಡಬೇಕೆ, ಮಾತು ಬಲ್ಲ ಜನಾಂಗಗಳ ಸಾಲಿನಲ್ಲಿ ಇಡಬೇಕೆ?

ಕಥಾಸಕ್ತ:

ಟೋಲ್ಕಿನ್ನರ ಮಧ್ಯಭೂಮಿಯ ಕಥೆಗಳನ್ನು ಓದುವವರಿಗಾಗಿ ಸಿದ್ಧವಾಗಿರುವ ವರ್ಗೀಕರಣದ ಕೋಷ್ಟಕಗಳಲ್ಲಿ ಹೆಚ್ಚಿನವು ಒಂದೇ ರೀತಿಯಲ್ಲಿ ಎರಡು ಭಾಗವಾಗಿರುತ್ತವೆ. ಒಂದು ಭಾಗದಲ್ಲಿ ಎಲ್ಫ್‌ಗಳು, ಮನುಷ್ಯರು, ಡ್ವಾರ್ಫ್‌ಗಳು, ಹಾಬಿಟ್‌ಗಳು, ಕೆಲವೊಮ್ಮೆ ಎಂಟ್‌ಗಳು ‘ಜನಾಂಗಗಳು’ ಎಂಬ ತಲೆಬರಹದಡಿ ಇರುತ್ತಾರೆ. ಇನ್ನೊಂದು ಭಾಗದಲ್ಲಿ ತೋಳಗಳು, ದೈತ್ಯ ಜೇಡಗಳು, ಟ್ರೋಲ್‌ಗಳು ಮತ್ತು ಡ್ರ್ಯಾಗನ್‌ಗಳು ‘ಮೃಗಗಳು’ ಎಂಬ ತಲೆಬರಹದಡಿ ಬರುತ್ತವೆ. ಈ ವಿಂಗಡಣೆ ಕಥೆಗಳ ಒಳಗಿನಿಂದ ಹುಟ್ಟಿದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಆಡುವವನು ಆರಿಸಿಕೊಳ್ಳಬಹುದಾದ ಪಾತ್ರಗಳು ಒಂದು ಕಡೆ, ಅವನು ಎದುರಿಸಬೇಕಾದ ಜೀವಿಗಳು ಇನ್ನೊಂದು ಕಡೆ ಇದ್ದವು. ಆಟಕ್ಕೆ ಆ ವಿಂಗಡಣೆ ಅಗತ್ಯವಾಗಿತ್ತು. ಅದನ್ನು ಹಾಗೆಯೇ ಎತ್ತಿ ಮಧ್ಯಭೂಮಿಯ ಮೇಲೆ ಹೊದಿಸಿದಾಗ, ಆ ಜಗತ್ತಿನ ಅತ್ಯಂತ ಚತುರ ಮಾತುಗಾರರಲ್ಲಿ ಒಬ್ಬನಾದ ಡ್ರ್ಯಾಗನ್ ಸ್ಮೌಗ್ ತೋಳಗಳ ಪಕ್ಕದಲ್ಲಿ ಬಂದು ಕೂರುತ್ತಾನೆ.

ಹಾಗಾದರೆ ಟೋಲ್ಕಿನ್ನರೇ ಕೊಡುವ ಅಳತೆಗೋಲು ಯಾವುದು? ನನ್ನ ಓದಿನಲ್ಲಿ ಅದು 1977ರ ‘ದಿ ಸಿಲ್ಮರಿಲಿಯನ್’ನಲ್ಲಿ ಬರುವ ಡ್ವಾರ್ಫ್‌ಗಳ ಸೃಷ್ಟಿಯ ಪ್ರಸಂಗದಲ್ಲಿ ಸ್ಪಷ್ಟವಾಗಿದೆ. ದೇವತೆಗಳಲ್ಲಿ ಶಿಲ್ಪಿಯಾದ ಔಲೆ, ಸೃಷ್ಟಿಕರ್ತ ಇಲೂವತಾರನ ಮಕ್ಕಳಾದ ಎಲ್ಫ್‌ಗಳೂ ಮನುಷ್ಯರೂ ಎಚ್ಚರಗೊಳ್ಳುವವರೆಗೆ ಕಾಯಲಾರದೆ, ಗುಟ್ಟಾಗಿ ಡ್ವಾರ್ಫ್‌ಗಳ ಏಳು ಮಂದಿ ಮೂಲಪುರುಷರನ್ನು ರೂಪಿಸುತ್ತಾನೆ. ಇಲೂವತಾರ ಅವನನ್ನು ಪ್ರಶ್ನಿಸುತ್ತಾನೆ: ನೀನು ಚಲಿಸಬೇಕೆಂದು ಎಣಿಸಿದಾಗ ಮಾತ್ರ ಇವು ಚಲಿಸುತ್ತವೆ, ನಿನ್ನ ಮನಸ್ಸು ಬೇರೆಡೆ ಹೋದರೆ ಸುಮ್ಮನೆ ನಿಂತುಬಿಡುತ್ತವೆ, ಇಂಥವು ನಿನಗೆ ಏಕೆ ಬೇಕು? ಔಲೆ ಪಶ್ಚಾತ್ತಾಪದಿಂದ ಅವರನ್ನು ಒಡೆದುಹಾಕಲು ಸುತ್ತಿಗೆ ಎತ್ತಿದಾಗ ಅವರು ಹೆದರಿ ಹಿಂಜರಿದು ಕರುಣೆ ಬೇಡುತ್ತಾರೆ. ಅಷ್ಟರಲ್ಲಾಗಲೇ ಇಲೂವತಾರ ಅವರಿಗೆ ಸ್ವಂತ ಜೀವವನ್ನು ಕೊಟ್ಟಿದ್ದಾನೆ. ಅವರ ಹೆದರಿಕೆಯೇ ಅದಕ್ಕೆ ಸಾಕ್ಷಿ. ಅಂದರೆ, ಮಾಡಿದವನ ಇಚ್ಛೆಯಿಂದ ಬೇರೆಯಾದ ಇಚ್ಛೆ ಮತ್ತು ತನ್ನದೇ ಆದ ದನಿ, ಈ ಎರಡು ಇದ್ದರೆ ಆ ಜೀವಿ ಗೊಂಬೆಯೂ ಅಲ್ಲ, ಬರಿಯ ಸಾಧನವೂ ಅಲ್ಲ.

ಈ ಪರೀಕ್ಷೆಯನ್ನು ಡ್ರ್ಯಾಗನ್‌ಗಳಿಗೆ ಒಡ್ಡಿ ನೋಡೋಣ. ಮೊದಲ ಯುಗದ 260ನೆಯ ವರ್ಷದಲ್ಲಿ, ಡ್ರ್ಯಾಗನ್‌ಗಳ ಪಿತಾಮಹನೆನಿಸಿದ ಗ್ಲೌರುಂಗ್ ಅಂಗ್‌ಬಂಡ್ ಕೋಟೆಯ ಬಾಗಿಲಿನಿಂದ ಮೊದಲ ಬಾರಿಗೆ ಹೊರಬೀಳುತ್ತಾನೆ. ಆಗ ಅವನು ಅರ್ಧ ಬೆಳೆದವನು, ಮೈಮೇಲಿನ ಕವಚ ಇನ್ನೂ ಬಲಿತಿರಲಿಲ್ಲ. ಎಲ್ಫ್ ರಾಜಕುಮಾರ ಫಿಂಗೊನನ ಕುದುರೆ ಸವಾರರ ಬಾಣಗಳಿಗೆ ಹೆದರಿ ಹಿಂದಿರುಗುತ್ತಾನೆ. ಅವನು ಕಾಲಕ್ಕೆ ಮುಂಚೆ ತನ್ನನ್ನು ತೋರಿಸಿಕೊಂಡದ್ದಕ್ಕೆ, ಆ ಕೋಟೆಯ ದುಷ್ಟ ಒಡೆಯನೂ ಡ್ರ್ಯಾಗನ್‌ಗಳನ್ನು ರೂಪಿಸಿದವನೂ ಆದ ಮೋರ್ಗೊತ್‌ಗೆ ಅಸಮಾಧಾನವಾಯಿತು ಎಂದು ಕಥೆ ಹೇಳುತ್ತದೆ. ಈ ಚಿಕ್ಕ ವಿವರವನ್ನು ನಾವು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಒಡೆಯನ ಮನಸ್ಸಿಗೆ ವಿರುದ್ಧವಾಗಿ, ತನ್ನದೇ ಆತುರದಿಂದ ಹೊರಬಂದ ಜೀವಿಯನ್ನು ಒಡೆಯನ ಇಚ್ಛೆಯ ವಿಸ್ತರಣೆ ಎಂದು ಹೇಗೆ ಕರೆಯುವುದು? 455ರಲ್ಲಿ, ಹಠಾತ್ ಜ್ವಾಲೆಯ ಯುದ್ಧದಲ್ಲಿ, ಅವನು ಪೂರ್ಣ ಬಲದಲ್ಲಿ ಬರುತ್ತಾನೆ. ಮುಂದೆ ಮನುಷ್ಯವೀರ ತೂರಿನ್‌ನನ್ನು ಕಣ್ಣುಗಳಿಂದ ಕಟ್ಟಿಹಾಕಿ, ಅವನ ಬದುಕನ್ನೇ ಅರ್ಧಸತ್ಯಗಳಿಂದ ಹಾಳುಮಾಡುತ್ತಾನೆ, ಅವನ ತಂಗಿ ನಿಯೆನೋರಳ ನೆನಪನ್ನು ಅಳಿಸಿಹಾಕುತ್ತಾನೆ. ಇದು ಮೃಗ ಮಾಡುವ ಕೇಡಲ್ಲ. ಮನುಷ್ಯರ ಮನಸ್ಸನ್ನು ಒಳಗಿನಿಂದ ಬಲ್ಲವನು ಮಾಡುವ ಕೇಡು.

ಇನ್ನೂ ಬಲವಾದ ಸಾಕ್ಷ್ಯ ಮೋರ್ಗೊತ್ ಸೋತ ನಂತರದ್ದು. ಕ್ರೋಧದ ಯುದ್ಧದಲ್ಲಿ ಡ್ರ್ಯಾಗನ್‌ಗಳು ಬಹುಮಟ್ಟಿಗೆ ನಾಶವಾಗಿ, ಒಡೆಯನು ಜಗತ್ತಿನಿಂದಲೇ ಹೊರದೂಡಲ್ಪಟ್ಟ ಮೇಲೆಯೂ ಉಳಿದವು ನಿಂತಲ್ಲೇ ನಿಲ್ಲಲಿಲ್ಲ. ಆರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದು, ಮೂರನೆಯ ಯುಗದ 2770ರಲ್ಲಿ ಸ್ಮೌಗ್ ಎರೆಬೋರ್ ಬೆಟ್ಟಕ್ಕೆ ಬರುವುದು ಯಾರ ಆಜ್ಞೆಯಿಂದಲೂ ಅಲ್ಲ, ಅಲ್ಲಿನ ಸಂಪತ್ತಿನ ಸುದ್ದಿ ಕೇಳಿ. ಇದಕ್ಕೆ ಎದುರಾಗಿ, ಮೋರ್ಗೊತ್‌ನ ಅನುಚರನಾಗಿದ್ದು ಮುಂದೆ ತಾನೇ ಒಡೆಯನಾದ ಸೌರಾನ್‌ನ ಉಂಗುರ ನಾಶವಾದ ಗಳಿಗೆಯನ್ನು ನೆನೆಯಿರಿ: ಅವನ ಓರ್ಕ್‌ಗಳೂ ಟ್ರೋಲ್‌ಗಳೂ ಅವನ ಮಂತ್ರಕ್ಕೆ ಸಿಕ್ಕಿದ ಮೃಗಗಳೂ ದಿಕ್ಕುಗೆಟ್ಟು ಅತ್ತಿತ್ತ ಓಡುತ್ತವೆ, ಕೆಲವು ತಮ್ಮನ್ನೇ ಕೊಂದುಕೊಳ್ಳುತ್ತವೆ. ಇಲೂವತಾರನು ಔಲೆಗೆ ವಿವರಿಸಿದ ಸ್ಥಿತಿ ಹೆಚ್ಚುಕಡಿಮೆ ಇದೇ. ಡ್ರ್ಯಾಗನ್‌ಗಳಿಗೆ ಆ ಗತಿ ಬರಲಿಲ್ಲ. 2941ರಲ್ಲಿ ಎರೆಬೋರ್ ಅನ್ನು ಮರಳಿ ಪಡೆಯಲು ಹೊರಟ ಡ್ವಾರ್ಫ್ ನಾಯಕ ಥೋರಿನ್‌ನ ಪ್ರಯಾಣಕ್ಕೆ ಮಾಂತ್ರಿಕ ಗ್ಯಾಂಡಾಲ್ಫ್ ಬೆಂಬಲ ಕೊಡುವುದಕ್ಕೂ ಇದೇ ಹಿನ್ನೆಲೆ ಇದೆ. ಸ್ಮೌಗ್ ಸೌರಾನ್‌ನ ಆಳಲ್ಲ, ಆದರೆ ಮುಂದೊಂದು ದಿನ ಸೌರಾನ್ ಅವನನ್ನು ಬಳಸಿಕೊಂಡಾನು ಎಂಬ ಭಯ ಗ್ಯಾಂಡಾಲ್ಫ್‌ಗಿತ್ತು. ಒಲಿಸಿಕೊಳ್ಳಬೇಕಾದ ಶಕ್ತಿಯೆಂದು ಎಣಿಸಲ್ಪಟ್ಟವನನ್ನು ಮೃಗಗಳ ಕೋಷ್ಟಕದಲ್ಲಿ ಇಡುವುದು ಸರಿಯಲ್ಲ.

ಆದ್ದರಿಂದ ನಾವು ಕನ್ನಡದಲ್ಲಿ ಸಿದ್ಧಪಡಿಸುತ್ತಿರುವ ಕೋಷ್ಟಕದಲ್ಲಿ ಡ್ರ್ಯಾಗನ್‌ಗಳು ಮಾತು ಬಲ್ಲ ಜನಾಂಗಗಳ ಪುಟದಲ್ಲೇ ಬರಬೇಕೆಂದು ಪ್ರಸ್ತಾಪಿಸುತ್ತೇನೆ. ಬೇರೆ ಅಭಿಪ್ರಾಯಗಳಿದ್ದರೆ ಆಧಾರಸಹಿತ ಬರೆಯಿರಿ.

ನಕ್ಷೆಪ್ರಿಯ:

ಕಥಾಸಕ್ತ ಅವರೇ, ತಮ್ಮ ವಾದ ಗ್ಲೌರುಂಗ್ ಮತ್ತು ಸ್ಮೌಗ್ ಎಂಬ ಇಬ್ಬರ ಮೇಲೆ ನಿಂತಿದೆ. ಉಳಿದವುಗಳ ವಿಷಯವೇನು? ಕ್ರೋಧದ ಯುದ್ಧದ ರೆಕ್ಕೆಯುಳ್ಳ ಡ್ರ್ಯಾಗನ್ ಆಂಕಲಾಗೋನ್ ಒಂದು ಮಾತನ್ನೂ ಆಡುವುದಿಲ್ಲ. ಆಕಾಶದಿಂದ ಎರಗಿ, ವೀರ ಎಯಾರೆಂಡಿಲ್‌ನ ಕೈಯಲ್ಲಿ ಸತ್ತು, ಅಂಗ್‌ಬಂಡ್ ಕೋಟೆಯ ಮೇಲಿನ ತಂಗೊರೊದ್ರಿಮ್‌ನ ಶಿಖರಗಳ ಮೇಲೆ ಬಿದ್ದು ಅವುಗಳನ್ನು ಮುರಿಯುತ್ತಾನೆ, ಅಷ್ಟೆ. ಫ್ರುಮ್‌ಗಾರ್‌ನ ಮಗ ಫ್ರಾಮ್ ಕೊಂದ ಸ್ಕಾಥಾ ಮಾತನಾಡಿದ ಉಲ್ಲೇಖವಿಲ್ಲ. 2589ರಲ್ಲಿ ಡ್ವಾರ್ಫ್‌ಗಳ ಅರಸ ಒಂದನೆಯ ಡೈನ್‌ನನ್ನೂ ಅವನ ಮಗ ಫ್ರೋರ್‌ನನ್ನೂ ಅವರ ಸಭಾಂಗಣದ ಬಾಗಿಲಲ್ಲೇ ಕೊಂದ ಶೀತ ಡ್ರ್ಯಾಗನ್‌ಗೆ ಹೆಸರು ಕೂಡ ಇಲ್ಲ. ಇಬ್ಬರ ಗುಣವನ್ನು ಇಡೀ ಕುಲಕ್ಕೆ ಹರಡುವುದು ವರ್ಗೀಕರಣದ ಕ್ರಮವಲ್ಲ.

ಕೋಷ್ಟಕದ ಉಪಯೋಗವನ್ನೂ ಯೋಚಿಸಬೇಕು. ಓದುಗನಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಲಕ್ಷಣಗಳ ಆಧಾರದ ವಿಂಗಡಣೆ. ಬೆಂಕಿ ಉಗುಳುವ, ರೆಕ್ಕೆಯಿಲ್ಲದ ಉರುಲೋಕಿಗಳು, ಬೆಂಕಿಯಿರುವ, ರೆಕ್ಕೆಯಿರುವವು, ಬೆಂಕಿಯಿಲ್ಲದ ಶೀತ ಡ್ರ್ಯಾಗನ್‌ಗಳು, ಉದ್ದ ಹುಳುವಿನಂಥವು: ಈ ನಾಲ್ಕು ಬಗೆಗಳನ್ನು ಇಟ್ಟುಕೊಂಡರೆ ಎಲ್ಲವೂ ಒಂದು ಕಡೆ ಸೇರುತ್ತವೆ. ಬಹುಕಾಲದಿಂದ ಅಭಿಮಾನಿಗಳು ಬಳಸುತ್ತಿರುವ ಕ್ರಮವೂ ಇದೇ. ಇಚ್ಛೆ, ಆತ್ಮ ಮುಂತಾದ ತಾತ್ವಿಕ ವಿಚಾರಗಳನ್ನು ಟಿಪ್ಪಣಿಯಲ್ಲಿ ಬರೆಯಬಹುದು.

ಕಥಾಸಕ್ತ:

ನಕ್ಷೆಪ್ರಿಯ ಅವರ ನಾಲ್ಕು ಬಗೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗಿದೆ, ಏಕೆಂದರೆ ಅಭಿಮಾನಿಗಳ ಕೋಷ್ಟಕಗಳಲ್ಲಿ ಇವು ಎಷ್ಟು ಗಟ್ಟಿಯಾಗಿ ಕಾಣುತ್ತವೆಯೋ ಮೂಲದಲ್ಲಿ ಅಷ್ಟು ಗಟ್ಟಿಯಾಗಿಲ್ಲ.

ಉರುಲೋಕಿ ಎಂದರೆ ಉತ್ತರದ ಅಗ್ನಿ ಡ್ರ್ಯಾಗನ್‌ಗಳು, ಅವರಲ್ಲಿ ಮೊದಲಿಗನು ಗ್ಲೌರುಂಗ್ ಎಂದಷ್ಟೇ ‘ಸಿಲ್ಮರಿಲಿಯನ್’ ಹೇಳುತ್ತದೆ. ಅದು ಬೆಂಕಿಯ ಬಗ್ಗೆ ಹೇಳಿದ ಮಾತು, ರೆಕ್ಕೆಯ ಬಗ್ಗೆ ಹೇಳಿದ್ದಲ್ಲ. ಗ್ಲೌರುಂಗ್‌ಗೆ ರೆಕ್ಕೆ ಇರಲಿಲ್ಲ ಎಂಬ ಕಾರಣಕ್ಕೆ ಆ ಹೆಸರನ್ನು ರೆಕ್ಕೆಯಿಲ್ಲದವುಗಳಿಗೆ ಮಾತ್ರ ಮೀಸಲಿಟ್ಟವರು ಅಭಿಮಾನಿಗಳು. ಸ್ಕಾಥಾನ ಬಗ್ಗೆ ನಮಗೆ ತಿಳಿದಿರುವುದು ಅವನು ಎರೆದ್ ಮಿತ್ರಿನ್ ಪರ್ವತಗಳ ಮಹಾ ಡ್ರ್ಯಾಗನ್, ಉದ್ದ ಹುಳು ಎನಿಸಿದವನು ಎಂಬುದು, ಮತ್ತು ಅವನ ನಿಧಿಗಾಗಿ ಫ್ರಾಮ್‌ಗೂ ಡ್ವಾರ್ಫ್‌ಗಳಿಗೂ ಜಗಳವಾಯಿತೆಂಬುದು. ಆ ನಿಧಿಯಿಂದ ಬಂದ ಊದುವ ಕೊಂಬನ್ನೇ ರೋಹನ್ ನಾಡಿನ ಎಯೊವಿನ್ ಹಾಬಿಟ್ ಮೆರ್ರಿಗೆ ಕೊಡುತ್ತಾಳೆ. ಅವನಿಗೆ ಬೆಂಕಿ ಇತ್ತೇ, ರೆಕ್ಕೆ ಇತ್ತೇ ಎಂಬುದನ್ನು ಪಠ್ಯ ಹೇಳುವುದಿಲ್ಲ. ‘ಉದ್ದ ಹುಳು’ ಎಂಬುದು ಸ್ವತಂತ್ರ ಪ್ರಭೇದವೆಂದು ತೀರ್ಮಾನಿಸಲು ಆಧಾರವಿಲ್ಲ. ಸ್ಮೌಗ್‌ನನ್ನೂ ಹಲವು ಕಡೆ ಹುಳು ಎಂದೇ ಕರೆಯಲಾಗಿದೆ.

ಲೇಖಕರ ಮನಸ್ಸಿನಲ್ಲೇ ಈ ಲಕ್ಷಣಗಳು ಸ್ಥಾನ ಬದಲಿಸಿದ್ದು ಇನ್ನೂ ಗಮನಾರ್ಹ. 1984ರಲ್ಲಿ ಅವರ ಮಗ ಕ್ರಿಸ್ಟೋಫರ್ ಟೋಲ್ಕಿನ್ ಸಂಪಾದಿಸಿ ಪ್ರಕಟಿಸಿದ ‘ದಿ ಬುಕ್ ಆಫ್ ಲಾಸ್ಟ್ ಟೇಲ್ಸ್’ನ ಎರಡನೆಯ ಭಾಗದಲ್ಲಿ ತೂರಿನ್ ಕಥೆಯ ಬಹಳ ಹಳೆಯ ರೂಪವಿದೆ. ಅಲ್ಲಿ ಡ್ರ್ಯಾಗನ್‌ಗಳ ಬಗೆಗಳನ್ನು ವಿವರಿಸುವ ಒಂದು ಭಾಗ ಬರುತ್ತದೆ. ಅದರ ಪ್ರಕಾರ ಕಡಿಮೆ ಬಲದವು ಹಾವುಗಳಂತೆ ತಣ್ಣಗಿರುವವು, ಅವುಗಳಲ್ಲಿ ಹಲವಕ್ಕೆ ರೆಕ್ಕೆಗಳಿದ್ದು ಭಾರಿ ಸದ್ದಿನೊಡನೆ ವೇಗವಾಗಿ ಹಾರುತ್ತವೆ. ಹೆಚ್ಚು ಬಲದವು ಬಿಸಿಯಾದವು, ಭಾರವಾದವು, ನಿಧಾನವಾಗಿ ಚಲಿಸುವವು, ಕೆಲವು ಬೆಂಕಿ ಉಗುಳುವವು, ಕುಟಿಲತೆಯಲ್ಲೂ ಲೋಭದಲ್ಲೂ ಮಿಗಿಲಾದವು. ಅಂದರೆ ಆರಂಭದಲ್ಲಿ ರೆಕ್ಕೆಗಳು ಕೆಳದರ್ಜೆಯ ಲಕ್ಷಣವಾಗಿದ್ದವು. ನಂತರದ ರೂಪದಲ್ಲಿ ರೆಕ್ಕೆಯಿರುವವು ಮೋರ್ಗೊತ್ ಕೊನೆಗೆ ಬಿಡುವ ಅಂತಿಮ ಅಸ್ತ್ರವಾಗಿ, ಬೆಂಕಿಯ ಬಿರುಗಾಳಿಯೊಡನೆ ಬರುತ್ತವೆ. ಅವುಗಳಲ್ಲಿ ಅತ್ಯಂತ ಬಲಿಷ್ಠನೇ ಆಂಕಲಾಗೋನ್. ಅದೇ ಸಂಪುಟದಲ್ಲಿರುವ, 1916-17ರ ಅವಧಿಯಲ್ಲಿ ಬರೆದ, ಎಲ್ಫ್‌ಗಳ ನಗರ ಗೊಂಡೊಲಿನ್ ಪತನದ ಕಥೆಯಲ್ಲಂತೂ ಮೋರ್ಗೊತ್‌ನ ಕಮ್ಮಾರರು ರೂಪಿಸಿದ ಲೋಹದ ಡ್ರ್ಯಾಗನ್‌ಗಳಿವೆ. ಕೆಲವು ಕಬ್ಬಿಣದ ಕೊಂಡಿಗಳಿಂದ ಮಾಡಿದವು, ನದಿಯಂತೆ ಹರಿದು ಅಡೆತಡೆಗಳನ್ನು ದಾಟಬಲ್ಲವು, ಒಡಲಿನಲ್ಲಿ ಓರ್ಕ್‌ಗಳನ್ನು ಹೊತ್ತು ತರುವವು. ಕೆಲವು ಕಂಚು ತಾಮ್ರಗಳಿಂದ ಮಾಡಿದವು, ಬೆಂಕಿಯ ಹೃದಯವನ್ನು ಪಡೆದವು. ಇನ್ನು ಕೆಲವು ಬರಿಯ ಜ್ವಾಲೆಯೇ ಆದವು. ಸೋಮ್ ಕದನದಿಂದ ಕಾಯಿಲೆಬಿದ್ದು ಮರಳಿದ ಯುವ ಸೈನಿಕನೊಬ್ಬ ಬರೆದ ಕಥೆ ಇದು ಎಂಬುದನ್ನು ಮರೆತು ಈ ಯಂತ್ರಗಳನ್ನು ಓದಲಾಗದು.

ಈ ಬೆಳವಣಿಗೆಯಲ್ಲಿ ಒಂದು ದಿಕ್ಕು ಕಾಣುತ್ತದೆ. ಯಂತ್ರದಂಥ, ಮಾಡಿಟ್ಟ ವಸ್ತುವಿನಂಥ ಡ್ರ್ಯಾಗನ್‌ಗಳು ಮುಂದಿನ ಬರಹಗಳಲ್ಲಿ ಹಿಂದೆ ಸರಿಯುತ್ತವೆ. ಮಾತನಾಡುವ, ಲೆಕ್ಕಹಾಕುವ, ಹೆಸರುಳ್ಳ ಡ್ರ್ಯಾಗನ್ ಮುಂದೆ ಬರುತ್ತದೆ. ರೆಕ್ಕೆ ಬದಲಾಯಿತು, ಮೈಯ ದ್ರವ್ಯ ಬದಲಾಯಿತು, ಆದರೆ ಮಹಾ ಡ್ರ್ಯಾಗನ್‌ಗಳ ಲೋಭ ಮತ್ತು ಕುಟಿಲ ಬುದ್ಧಿ ಮೊದಲಿನಿಂದ ಕೊನೆಯವರೆಗೂ ಬದಲಾಗಲಿಲ್ಲ. ಬದಲಾಗದ ಗುಣವನ್ನು ಬಿಟ್ಟು ಬದಲಾಗುವ ಗುಣಗಳ ಮೇಲೆ ಕೋಷ್ಟಕ ಕಟ್ಟುವುದೇಕೆ?

ಆಂಕಲಾಗೋನ್ ಮಾತನಾಡುವುದಿಲ್ಲ ಎಂಬುದಕ್ಕೆ ಒಂದೇ ಮಾತು. ಅವನ ಬಗ್ಗೆ ಇರುವುದು ಕೆಲವೇ ಸಾಲುಗಳು. ಹೆಸರು ಮಾತ್ರ ಬಂದುಹೋಗುವ ಎಷ್ಟೋ ಎಲ್ಫ್‌ಗಳೂ ಮಾತನಾಡುವುದಿಲ್ಲ.

ಹೊಸ ಓದುಗಿ:

ಒಂದು ಸಂದೇಹ. ಡ್ರ್ಯಾಗನ್‌ಗಳ ಆಯುಸ್ಸು ದೀರ್ಘ, ಬೆಳವಣಿಗೆ ನಿಧಾನ ಎಂದು ಕಥೆಯಲ್ಲೇ ಇದೆ. ಹಾಗಿದ್ದಲ್ಲಿ ರೆಕ್ಕೆಯಿಲ್ಲದಿರುವುದು ಎಳೆಯ ಪ್ರಾಯದ ಹಂತವಾಗಿದ್ದು, ಬಲಿತ ಮೇಲೆ ರೆಕ್ಕೆ ಮೂಡುತ್ತದೆ ಎಂದು ತಿಳಿಯಬಹುದೇ? ಆಗ ಎರಡು ಬಗೆಗಳು ಒಂದೇ ಆಗುತ್ತವೆ.

ನಕ್ಷೆಪ್ರಿಯ:

ಹಾಗೆ ತಿಳಿಯಲು ಪಠ್ಯ ಎಡೆಕೊಡುವುದಿಲ್ಲ. ಗ್ಲೌರುಂಗ್ 260ರಲ್ಲಿ ಅರ್ಧ ಬೆಳೆದಿದ್ದರೂ, 455ರಲ್ಲಿ ಪೂರ್ಣ ಬಲಕ್ಕೆ ಬಂದಿದ್ದಾನೆ; ಅದಾದ ಮೇಲೂ ದಶಕಗಳ ಕಾಲ ಬದುಕಿ, ಕೊನೆಗೆ ಕಮರಿಯೊಂದನ್ನು ತೆವಳಿ ದಾಟುವಾಗ ತೂರಿನ್ ಕೆಳಗಿನಿಂದ ಅವನ ಹೊಟ್ಟೆಗೆ ಕತ್ತಿ ಇರಿಯುತ್ತಾನೆ. ರೆಕ್ಕೆಯಿದ್ದವನು ಕಮರಿಯನ್ನು ಹಾಗೆ ದಾಟಬೇಕಾಗಿರಲಿಲ್ಲ. ಇನ್ನೊಂದು ಕಡೆ ಸ್ಮೌಗ್, ತಾನು ಎರೆಬೋರ್‌ಗೆ ಬಂದಾಗ ಎಳೆಯನಾಗಿದ್ದೆ ಎಂದು ತಾನೇ ಹಾಬಿಟ್ ಬಿಲ್ಬೊಗೆ ಹೇಳುತ್ತಾನೆ. ಆಗಲೇ ಅವನು ಹಾರಿಕೊಂಡು ಬಂದಿದ್ದ. ಆದರೆ ವಯಸ್ಸನ್ನು ಕೋಷ್ಟಕದಲ್ಲಿ ಪ್ರತ್ಯೇಕ ಅಂಕಣವಾಗಿ ಸೇರಿಸುವ ಸೂಚನೆ ಒಳ್ಳೆಯದು, ಅದಕ್ಕೆ ಕೃತಜ್ಞತೆಗಳು.

ದೂರದ ಓದುಗ:

ಕಾಲುಗಳ ಲೆಕ್ಕವನ್ನು ಯಾರೂ ಎತ್ತಿಲ್ಲವಾದ್ದರಿಂದ ಸಂಕ್ಷೇಪವಾಗಿ ಬರೆಯುತ್ತೇನೆ. 2013ರ ಚಲನಚಿತ್ರ ನೋಡಿದ ಹಲವರು ಸ್ಮೌಗ್‌ಗೆ ಎರಡೇ ಕಾಲು, ಆದ್ದರಿಂದ ಅವನು ಡ್ರ್ಯಾಗನ್ ಅಲ್ಲ, ವೈವರ್ನ್ ಎಂದು ವಾದಿಸುತ್ತಾರೆ. ಟೋಲ್ಕಿನ್ ತಾವೇ ಬರೆದ ಚಿತ್ರಗಳಲ್ಲಿ ಸ್ಮೌಗ್‌ಗೆ ನಾಲ್ಕು ಕಾಲುಗಳೂ ಎರಡು ರೆಕ್ಕೆಗಳೂ ಇವೆ. ಎರಡು ಕಾಲಿನದ್ದು ವೈವರ್ನ್, ನಾಲ್ಕು ಕಾಲಿನದ್ದು ಡ್ರ್ಯಾಗನ್ ಎಂಬುದು ಬ್ರಿಟನ್ನಿನ ಲಾಂಛನಶಾಸ್ತ್ರದ ನಿಯಮ. ಮಧ್ಯಭೂಮಿಯಲ್ಲಿ ಯಾರೂ ಡ್ರ್ಯಾಗನ್‌ನ ಕಾಲೆಣಿಸಿ ಹೆಸರಿಡುವುದಿಲ್ಲ. ಬಣ್ಣದ ವಿಷಯವೂ ಹಾಗೆಯೇ. ಕೆಂಪು, ಕಪ್ಪು, ಹಸಿರು ಡ್ರ್ಯಾಗನ್‌ಗಳು ಕೇಡಿನವು, ಬಂಗಾರ ಬೆಳ್ಳಿಯ ಬಣ್ಣದವು ಒಳ್ಳೆಯವು ಎಂಬ ವ್ಯವಸ್ಥೆ ಮೇಲೆ ಹೇಳಿದ ಆಟದ ಕೊಡುಗೆ. ಗ್ಲೌರುಂಗ್ ಬಂಗಾರದ ಬಣ್ಣದವನು, ಅವನಿಗಿಂತ ಕ್ರೂರನಾದ ಡ್ರ್ಯಾಗನ್ ಆ ಕಥೆಗಳಲ್ಲಿ ಇಲ್ಲ.

ಪುರಾಣಾಸಕ್ತೆ:

ನಮ್ಮ ಪುರಾಣಗಳನ್ನು ಓದಿ ಬೆಳೆದವರಿಗೆ ಈ ಚರ್ಚೆಯಲ್ಲಿ ಒಂದು ಕೊರತೆ ಕಾಣುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಜೀವಕೋಟಿಯ ವಿಂಗಡಣೆ ತಾಯಿಯ ಮೂಲಕ ನಡೆಯುತ್ತದೆ. ಕಶ್ಯಪನೊಬ್ಬನೇ ತಂದೆಯಾದರೂ ಅದಿತಿಯ ಮಕ್ಕಳು ಆದಿತ್ಯರು, ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು, ಕದ್ರುವಿನ ಮಕ್ಕಳು ನಾಗರು, ವಿನತೆಯ ಮಕ್ಕಳು ಅರುಣ ಮತ್ತು ಗರುಡ. ಇಲ್ಲಿ ಹುಟ್ಟು ಕುಲವನ್ನು ನಿರ್ಣಯಿಸುತ್ತದೆ, ಆದರೆ ನಡತೆಯನ್ನು ನಿರ್ಣಯಿಸುವುದಿಲ್ಲ. ಒಬ್ಬಳೇ ತಾಯಿಯ ಮಕ್ಕಳಲ್ಲಿ ತಕ್ಷಕನೂ ಇದ್ದಾನೆ, ಒಡಹುಟ್ಟಿದವರ ದ್ವೇಷಕ್ಕೆ ಬೇಸತ್ತು ತಪಸ್ಸಿಗೆ ಹೋದ ಶೇಷನೂ ಇದ್ದಾನೆ. ದೈತ್ಯಕುಲದಲ್ಲಿ ಪ್ರಹ್ಲಾದನಿದ್ದಾನೆ.

ಕಥಾಸಕ್ತ ಅವರು ಡ್ರ್ಯಾಗನ್‌ಗಳಿಗೆ ಸ್ವಂತ ಇಚ್ಛೆಯಿದೆ ಎನ್ನುತ್ತಾರೆ. ಇಚ್ಛೆ ಇದ್ದರೆ ಆಯ್ಕೆ ಇರಬೇಕು, ಆಯ್ಕೆ ಇದ್ದರೆ ಒಬ್ಬನಾದರೂ ಬೇರೆ ದಾರಿ ಹಿಡಿದಿರಬೇಕು. ಮಧ್ಯಭೂಮಿಯಲ್ಲಿ ಒಂದಾದರೂ ಶೇಷನಂಥ ಡ್ರ್ಯಾಗನ್ ಇದೆಯೇ? ಇಲ್ಲವೆಂದಾದರೆ ಅವುಗಳ ಇಚ್ಛೆ ಎಷ್ಟರಮಟ್ಟಿಗೆ ಇಚ್ಛೆ?

ಕಥಾಸಕ್ತ:

ಪುರಾಣಾಸಕ್ತೆಯವರು ಕೇಳಿದ್ದು ಈವರೆಗಿನ ಪ್ರಶ್ನೆಗಳಲ್ಲೆಲ್ಲ ಕಠಿಣವಾದದ್ದು. ಮಧ್ಯಭೂಮಿಯಲ್ಲಿ ಅಂಥ ಡ್ರ್ಯಾಗನ್ ಇಲ್ಲ. 1949ರ ‘ಫಾರ್ಮರ್ ಗೈಲ್ಸ್ ಆಫ್ ಹ್ಯಾಮ್’ನಲ್ಲಿ ಬರುವ ಕ್ರಿಸೊಫಿಲಾಕ್ಸ್ ಎಂಬ ಡ್ರ್ಯಾಗನ್ ರೈತನೊಡನೆ ಚೌಕಾಸಿ ಮಾಡಿ ಕೊನೆಗೆ ಒಪ್ಪಂದಕ್ಕೆ ಬರುತ್ತಾನೆ, ಆದರೆ ಆ ಕಥೆ ಮಧ್ಯಭೂಮಿಗೆ ಸೇರಿದ್ದಲ್ಲ.

ಆದರೂ ನನ್ನ ನಿಲುವು ಸಡಿಲವಾಗುವುದಿಲ್ಲ. ಬೆಂಕಿಯ ರಾಕ್ಷಸರಾದ ಬಾಲ್ರಾಗ್‌ಗಳನ್ನು ತೆಗೆದುಕೊಳ್ಳಿ. ಅವರು ಮೂಲತಃ ಮಾಯಾರ್ ಎಂಬ ಕಿರಿಯ ದೇವತೆಗಳ ವರ್ಗದ ಚೇತನಗಳು, ಗ್ಯಾಂಡಾಲ್ಫ್‌ನ ವರ್ಗದವರೇ. ಮೋರ್ಗೊತ್‌ನ ಕಡೆ ಹೋದವರು. ಅವರಲ್ಲಿ ಹಿಂದಿರುಗಿ ಬಂದವನೊಬ್ಬನೂ ಕಥೆಯಲ್ಲಿಲ್ಲ. ಹಾಗೆಂದು ಯಾವ ಕೋಷ್ಟಕವೂ ಅವರ ಇಚ್ಛೆಯನ್ನು ಅಲ್ಲಗಳೆಯುವುದಿಲ್ಲ, ಅವರನ್ನು ಮಾಯಾರ್ ಎಂದೇ ಬರೆಯುತ್ತದೆ. ಓರ್ಕ್‌ಗಳ ವಿಷಯದಲ್ಲಿ ಲೇಖಕರೇ ತಡೆದು ನಿಂತದ್ದಕ್ಕೆ ದಾಖಲೆಯಿದೆ. 1954ರ ಪತ್ರದ ಕರಡೊಂದರಲ್ಲಿ ಅವರು ಓರ್ಕ್‌ಗಳನ್ನು ಸ್ವಭಾವತಃ ಕೆಟ್ಟವರು ಎಂದು ಬರೆದು, ಉದ್ಧಾರವೇ ಸಾಧ್ಯವಿಲ್ಲದವರು ಎನ್ನಲು ಹೊರಟಿದ್ದೆ, ಆದರೆ ಅದು ಮಿತಿಮೀರಿದ ಮಾತಾಗುತ್ತಿತ್ತು ಎಂಬರ್ಥದಲ್ಲಿ ಮುಂದುವರಿಸುತ್ತಾರೆ. ಒಳ್ಳೆಯ ಓರ್ಕ್ ಕಥೆಯಲ್ಲಿ ಕಾಣದಿದ್ದರೂ ಆ ಸಾಧ್ಯತೆಯ ಬಾಗಿಲನ್ನು ಅವರು ಪೂರ್ತಿ ಮುಚ್ಚಲಿಲ್ಲ. ಡ್ರ್ಯಾಗನ್‌ಗಳಿಗೆ ನಾವು ಅದಕ್ಕಿಂತ ಕಠೋರರಾಗಬೇಕಾದ ಕಾರಣವಿಲ್ಲ.

ತಾಯಿಯ ಮೂಲಕ ಕುಲ ಎಂಬ ಕ್ರಮ ಮಾತ್ರ ಅಲ್ಲಿ ನಡೆಯುವುದಿಲ್ಲ. ಎಲ್ರಾಂಡ್ ಮತ್ತು ಎಲ್ರೋಸ್ ಒಂದೇ ತಾಯಿಯ ಅವಳಿ ಮಕ್ಕಳು. ಒಬ್ಬನು ಎಲ್ಫ್‌ಗಳ ಗತಿಯನ್ನೂ ಇನ್ನೊಬ್ಬನು ಮನುಷ್ಯರ ಗತಿಯನ್ನೂ ಆರಿಸಿಕೊಂಡು ಬೇರೆ ಬೇರೆ ಜನಾಂಗಗಳಿಗೆ ಸೇರುತ್ತಾರೆ. ಸತ್ತ ಮೇಲೆ ಏನಾಗುತ್ತದೆ ಎಂಬುದೇ ಅಲ್ಲಿನ ಗಡಿರೇಖೆ. ಎಲ್ಫ್‌ಗಳು ಜಗತ್ತು ಇರುವವರೆಗೂ ಅದಕ್ಕೆ ಕಟ್ಟುಬಿದ್ದವರು, ಮನುಷ್ಯರು ಅದನ್ನು ದಾಟಿ ಹೋಗುವವರು. ಹಾಬಿಟ್‌ಗಳು ಮನುಷ್ಯಕುಲದ ಒಂದು ಶಾಖೆಯೆಂದು ಲೇಖಕರು ಸ್ಪಷ್ಟವಾಗಿ ಬರೆದಿರುವುದರಿಂದ ಅವರಿಗೂ ಮನುಷ್ಯರ ಗತಿಯೇ. ಡ್ವಾರ್ಫ್‌ಗಳು ಬಂದ ಕಲ್ಲಿಗೇ ಮರಳುತ್ತಾರೆಂದು ಎಲ್ಫ್‌ಗಳು ನಂಬುತ್ತಿದ್ದರು, ಔಲೆ ತಮ್ಮನ್ನು ಪ್ರತ್ಯೇಕ ಸ್ಥಳದಲ್ಲಿ ಕೂಡಿಸುತ್ತಾನೆಂದು ಡ್ವಾರ್ಫ್‌ಗಳು ಹೇಳುತ್ತಿದ್ದರು.

ದೂರದ ಓದುಗ:

ಕೊನೆಯ ವಾಕ್ಯ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಡ್ವಾರ್ಫ್‌ಗಳ ಬಗ್ಗೆ ಎಲ್ಫ್‌ಗಳು ಹೇಳುವುದು ಒಂದು, ಡ್ವಾರ್ಫ್‌ಗಳು ತಮ್ಮ ಬಗ್ಗೆ ಹೇಳಿಕೊಳ್ಳುವುದು ಇನ್ನೊಂದು. ಈ ಕಥೆಗಳಲ್ಲಿ ಯಾವ ವರ್ಗೀಕರಣವೂ ಆಕಾಶದಿಂದ ಇಳಿದು ಬಂದದ್ದಲ್ಲ, ಕಥೆಯೊಳಗಿನ ಯಾರೋ ಒಬ್ಬರು ತಮ್ಮ ನೆಲೆಯಿಂದ ಮಾಡಿದ್ದು. ಎಲ್ಫ್‌ಗಳು ತಮ್ಮವರನ್ನೇ ಎರಡು ವೃಕ್ಷಗಳ ಬೆಳಕು ಕಂಡ ಕಲಾಕ್ವೆಂಡಿ, ಕಾಣದ ಮೊರಿಕ್ವೆಂಡಿ ಎಂದು ವಿಂಗಡಿಸುತ್ತಾರೆ. ಇದು ಬೆಳಕು ಕಂಡವರು ಮಾಡಿದ ವಿಂಗಡಣೆ.

ಎಂಟ್‌ಗಳ ಹಿರಿಯನಾದ ಟ್ರೀಬಿಯರ್ಡ್ ಹಾಡುವ ಹಳೆಯ ಪಟ್ಟಿಯಲ್ಲಿ ಸ್ವತಂತ್ರ ಜನರು ನಾಲ್ಕೇ: ಎಲ್ಫ್‌ಗಳು, ಡ್ವಾರ್ಫ್‌ಗಳು, ಎಂಟ್‌ಗಳು, ಮನುಷ್ಯರು. ಆಮೇಲೆ ಮೃಗಗಳ ಸಾಲು. ಹಾಬಿಟ್‌ಗಳಾದ ಮೆರ್ರಿ ಮತ್ತು ಪಿಪ್ಪಿನ್ ಅವನ ಮುಂದೆ ನಿಂತಿದ್ದಾರೆ, ಅವನ ಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲ. ತಮಗಾಗಿ ಹೊಸದೊಂದು ಸಾಲು ಸೇರಿಸಬಾರದೇಕೆ ಎಂದು ಪಿಪ್ಪಿನ್ ಕೇಳುತ್ತಾನೆ, ಮುಂದೆ ಟ್ರೀಬಿಯರ್ಡ್ ಸೇರಿಸಿಯೂ ಸೇರಿಸುತ್ತಾನೆ. ಮಧ್ಯಭೂಮಿಯ ಅತ್ಯಂತ ಹಳೆಯ ಜ್ಞಾನಿಗಳಲ್ಲಿ ಒಬ್ಬನ ಪಟ್ಟಿಯೇ ಅಪೂರ್ಣವಾಗಿತ್ತು, ಮತ್ತು ಅವನು ಅದನ್ನು ತಿದ್ದಲು ಸಿದ್ಧನಿದ್ದ.

ಇನ್ನೂ ಆಳವಾದದ್ದು ಗೊಂಡೋರ್ ರಾಜ್ಯದ ಸೇನಾನಿ ಫಾರಮಿರ್‌ನ ಮಾತು. ಗೊಂಡೋರ್‌ನ ವಿದ್ವಾಂಸರು ಮನುಷ್ಯರನ್ನು ಉನ್ನತರು, ಮಧ್ಯಮರು, ಕತ್ತಲೆಯ ವನ್ಯರು ಎಂದು ಮೂರಾಗಿ ವಿಂಗಡಿಸುತ್ತಾರೆಂದು ಅವನು ಫ್ರೋಡೊಗೆ ವಿವರಿಸುತ್ತಾನೆ. ಮರುಕ್ಷಣವೇ, ರೋಹನ್‌ನ ಜನ ನಮ್ಮಂತಾಗಿದ್ದಾರೆ, ನಾವೂ ಅವರಂತಾಗಿದ್ದೇವೆ, ಉನ್ನತರೆಂಬ ಹೆಸರಿಗೆ ನಾವು ಇನ್ನು ಅರ್ಹರಲ್ಲ ಎಂದೂ ಹೇಳುತ್ತಾನೆ. ಇದಕ್ಕೆ ಸ್ವಲ್ಪವೇ ಮೊದಲು, ಇಥಿಲಿಯೆನ್‌ನಲ್ಲಿ ತನ್ನ ಕಾಲಬಳಿ ಸತ್ತು ಬಿದ್ದ ದಕ್ಷಿಣದ ಸೈನಿಕನನ್ನು ಕಂಡು ಸ್ಯಾಮ್, ಇವನ ಹೆಸರೇನಿದ್ದೀತು, ಇವನು ನಿಜಕ್ಕೂ ಕೆಟ್ಟವನೇ, ಯಾವ ಸುಳ್ಳು ಅಥವಾ ಬೆದರಿಕೆ ಇವನನ್ನು ಇಷ್ಟು ದೂರ ಕರೆತಂದಿತು ಎಂದು ಯೋಚಿಸುತ್ತಾನೆ. ‘ವನ್ಯರು’ ಎಂಬ ಮೂರನೆಯ ವರ್ಗದ ಹೆಸರು ಕಿವಿಗೆ ಬೀಳುವ ಮೊದಲೇ ಆ ವರ್ಗದ ಒಬ್ಬನ ಮುಖವನ್ನು ಓದುಗ ಕಂಡಿರುತ್ತಾನೆ. ಪ್ರಸಂಗಗಳನ್ನು ಈ ಕ್ರಮದಲ್ಲಿ ಜೋಡಿಸಿದ್ದು ಆಕಸ್ಮಿಕವೆಂದು ನಾನು ನಂಬಲಾರೆ.

ಆದ್ದರಿಂದ ಕೋಷ್ಟಕದ ಪ್ರತಿಯೊಂದು ಸಾಲಿನಲ್ಲೂ ‘ಈ ಮಾತನ್ನು ಯಾರು ಹೇಳಿದರು’ ಎಂಬ ಅಂಕಣ ಇರಲೇಬೇಕು. ಡ್ರ್ಯಾಗನ್‌ಗಳ ವಿಷಯದಲ್ಲಿ ಆ ಅಂಕಣವನ್ನು ತುಂಬುವವರೆಲ್ಲರೂ ಅವರೊಡನೆ ಕಾದಾಡಿದವರು ಅಥವಾ ಅವರಿಂದ ಮನೆ ಕಳೆದುಕೊಂಡವರು.

ನಕ್ಷೆಪ್ರಿಯ:

ಆ ಅಂಕಣಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಮೂಲಪ್ರಶ್ನೆಯ ಒಂದು ತೊಡಕನ್ನು ಕಥಾಸಕ್ತ ಅವರು ಇನ್ನೂ ಮುಟ್ಟಿಲ್ಲ. ಸ್ವಂತ ಜೀವವನ್ನು ಕೊಡಬಲ್ಲವನು ಇಲೂವತಾರ ಒಬ್ಬನೇ. ಮೋರ್ಗೊತ್‌ಗೆ ಆ ಶಕ್ತಿಯಿಲ್ಲ. ಅವನು ಇರುವುದನ್ನು ಕೆಡಿಸಬಲ್ಲ, ಅಣಕಿಸಬಲ್ಲ. ಹಾಗಾದರೆ ಡ್ರ್ಯಾಗನ್‌ಗಳ ಇಚ್ಛೆ ಎಲ್ಲಿಂದ ಬಂತು? ಔಲೆಯ ಡ್ವಾರ್ಫ್‌ಗಳನ್ನು ಇಲೂವತಾರ ದತ್ತು ತೆಗೆದುಕೊಂಡಂತೆ ಮೋರ್ಗೊತ್‌ನ ಸರ್ಪಗಳನ್ನೂ ತೆಗೆದುಕೊಂಡನೆಂದು ಯಾರೂ ಹೇಳಲಾರರು.

ಗ್ಲೌರುಂಗ್ ತನ್ನೊಳಗಿದ್ದ ದುಷ್ಟ ಚೇತನದ ಮೂಲಕ ಮಾತನಾಡಿದನೆಂಬ ಮಾತು ತೂರಿನ್‌ನ ಕಥೆಯಲ್ಲಿದೆ. ಇದನ್ನು ಅಕ್ಷರಶಃ ತೆಗೆದುಕೊಂಡರೆ, ಮೋರ್ಗೊತ್ ಸಾಕಿ ಬೆಳೆಸಿದ ಸರೀಸೃಪವೊಂದರ ದೇಹದಲ್ಲಿ ಮಾಯಾರ್ ವರ್ಗದ ಚೇತನವೊಂದು ಸೇರಿಕೊಂಡಿತ್ತು ಎಂದಾಗುತ್ತದೆ. ಆಗ ಗ್ಲೌರುಂಗ್‌ನ ಇಚ್ಛೆ ಆ ಚೇತನದ್ದು, ಡ್ರ್ಯಾಗನ್ ಕುಲದ್ದಲ್ಲ. ಅವನು ಬಾಲ್ರಾಗ್‌ಗಳ ಪುಟಕ್ಕೆ ಹೋಗುತ್ತಾನೆ, ಉಳಿದವು ಮೃಗಗಳ ಪುಟದಲ್ಲೇ ಉಳಿಯುತ್ತವೆ.

ಕಥಾಸಕ್ತ:

ಈ ತೊಡಕು ನಿಜವಾದದ್ದು. ಲೇಖಕರು ಓರ್ಕ್‌ಗಳ ಹುಟ್ಟಿನ ಬಗ್ಗೆ ಇದೇ ಪ್ರಶ್ನೆಯನ್ನು ಜೀವನದ ಕೊನೆಯ ದಶಕಗಳವರೆಗೂ ಹಿಡಿದು ಕೂತಿದ್ದರು: ಕೆಡಿಸಿದ ಎಲ್ಫ್‌ಗಳೇ, ಕೆಡಿಸಿದ ಮನುಷ್ಯರೇ, ಮಾತು ಕಲಿಸಿದ ಮೃಗಗಳೇ, ದೇಹ ತೊಟ್ಟ ಚೇತನಗಳೇ? 1993ರಲ್ಲಿ ಪ್ರಕಟವಾದ ‘ಮೋರ್ಗೊತ್ಸ್ ರಿಂಗ್’ ಸಂಪುಟದಲ್ಲಿ ಈ ಎಲ್ಲ ಉತ್ತರಗಳನ್ನೂ ಅವರು ಒಂದಾದ ಮೇಲೊಂದರಂತೆ ಪರೀಕ್ಷಿಸಿದ ಟಿಪ್ಪಣಿಗಳಿವೆ. ಕೊನೆಯ ತೀರ್ಮಾನ ಎಂಬುದಿಲ್ಲ.

ಚೇತನ ಹೊಕ್ಕ ದೇಹ ಎಂಬ ವಿವರಣೆ ಗ್ಲೌರುಂಗ್‌ಗೆ ಹೊಂದುತ್ತದೆ ಎಂದು ಒಪ್ಪಿಕೊಂಡರೂ ಅದು ಅಲ್ಲಿಗೇ ನಿಲ್ಲುವುದಿಲ್ಲ. ಅವನು ಪಿತಾಮಹನೆನಿಸಿದ್ದು ಸಂತತಿ ಇದ್ದುದರಿಂದ. ಎಣಿಸಲಾಗದ ಕಣ್ಣೀರಿನ ಯುದ್ಧಕ್ಕೆ ಅವನೊಡನೆ ಬೇರೆ ಡ್ರ್ಯಾಗನ್‌ಗಳೂ ಬಂದಿದ್ದವು. ದೇಹ ತೊಟ್ಟ ಚೇತನಕ್ಕೆ ಮಕ್ಕಳಾಗುವುದು ಆ ಜಗತ್ತಿನಲ್ಲಿ ಅಸಂಭವವೂ ಅಲ್ಲ. ಮಾಯಾರ್ ವರ್ಗದ ಮೆಲಿಯಾನ್‌ಗೆ ಲೂಥಿಯೆನ್ ಹುಟ್ಟಿದಳು, ಲೂಥಿಯೆನ್‌ಳ ಸಂತತಿ ಎಲ್ರಾಂಡ್‌ವರೆಗೆ ಬಂತು. ಆ ಸಂತತಿಯ ಯಾರನ್ನೂ ನಾವು ಇಚ್ಛೆಯಿಲ್ಲದವರೆನ್ನುವುದಿಲ್ಲ. ಚೇತನದ ಪಾಲು ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದ್ದರೆ, ಗ್ಲೌರುಂಗ್‌ನಲ್ಲಿ ಹೊಳೆದ ಕುಟಿಲ ಬುದ್ಧಿ ಸಾವಿರಾರು ವರ್ಷಗಳ ನಂತರ ಸ್ಮೌಗ್‌ನಲ್ಲಿ ಕಾಣುವುದು ಸಹಜವಾಗುತ್ತದೆ. ಇದು ನನ್ನ ಊಹೆ, ಲೇಖಕರ ಮಾತಲ್ಲ. ಕೋಷ್ಟಕದಲ್ಲಿ ಊಹೆಯೆಂದೇ ನಮೂದಿಸುತ್ತೇನೆ.

ಈವರೆಗಿನ ಚರ್ಚೆಯ ಆಧಾರದ ಮೇಲೆ ಕರಡನ್ನು ಹೀಗೆ ಬದಲಿಸಿದ್ದೇನೆ. ಜನಾಂಗ, ಮೃಗ ಎಂಬ ಎರಡು ತಲೆಬರಹಗಳನ್ನು ತೆಗೆದು, ‘ಸ್ವಂತ ಇಚ್ಛೆ ಮತ್ತು ಮಾತು ಇರುವುದಕ್ಕೆ ಪಠ್ಯದ ಸಾಕ್ಷ್ಯವಿರುವವರು’, ‘ಸಾಕ್ಷ್ಯ ಅರೆಬರೆಯಾಗಿರುವವರು’, ‘ಸಾಕ್ಷ್ಯವಿಲ್ಲದವರು’ ಎಂಬ ಮೂರನ್ನು ಇಟ್ಟಿದ್ದೇನೆ. ಮೊದಲನೆಯದರಲ್ಲಿ ಗ್ಲೌರುಂಗ್ ಮತ್ತು ಸ್ಮೌಗ್ ಎಲ್ಫ್‌ಗಳ, ಡ್ವಾರ್ಫ್‌ಗಳ ಪುಟದಲ್ಲೇ ಬರುತ್ತಾರೆ. ತನ್ನನ್ನು ಬಿಟ್ಟು ಬೇರಾರನ್ನೂ ಸೇವಿಸದ, ಗೊಲ್ಲುಮ್ ಬಲಿ ತರುವ ಮಾತು ಕೊಟ್ಟು ಒಲಿಸಿಕೊಂಡ ಜೇಡ ಶೆಲೋಬ್ ಎರಡನೆಯದರಲ್ಲಿ ಬರುತ್ತಾಳೆ. ಸ್ಕಾಥಾ ಮತ್ತು ಆಂಕಲಾಗೋನ್ ಕೂಡ ಸದ್ಯಕ್ಕೆ ಅಲ್ಲೇ ಇರಲಿ. ಬೆಂಕಿ, ರೆಕ್ಕೆ, ವಯಸ್ಸು, ಹೇಳಿದವರು ಯಾರು ಎಂಬ ಅಂಕಣಗಳು ಮೂರಕ್ಕೂ ಅನ್ವಯಿಸುತ್ತವೆ. ಕಾಲು ಮತ್ತು ಬಣ್ಣಗಳನ್ನು ಕೈಬಿಟ್ಟಿದ್ದೇನೆ. ‘ಯಾವಾಗ ಅಳಿದವು’ ಎಂಬ ಅಂಕಣವನ್ನೂ ತೆಗೆದಿದ್ದೇನೆ, ಏಕೆಂದರೆ 1954ರ ಇನ್ನೊಂದು ಪತ್ರದಲ್ಲಿ ಟೋಲ್ಕಿನ್, ಡ್ರ್ಯಾಗನ್‌ಗಳು ಮುಗಿದುಹೋದವೆಂದು ತಾವು ಹೇಳಿಲ್ಲ, ನಮ್ಮ ಕಾಲಕ್ಕೆ ಹತ್ತಿರದವರೆಗೂ ಅವು ಚಟುವಟಿಕೆಯಲ್ಲಿದ್ದವು ಎಂದು ತಿಳಿಸಿದ್ದಾರೆ.

ಡೈನ್‌ನನ್ನು ಕೊಂದ ಶೀತ ಡ್ರ್ಯಾಗನ್‌ನ ಸಾಲು ಮಾತ್ರ ಉಳಿದಿದೆ. ಅಲ್ಲಿ ವರ್ಷ ಮತ್ತು ಸ್ಥಳವನ್ನು ತುಂಬಿದ್ದೇನೆ, ಬೆಂಕಿಯ ಅಂಕಣದಲ್ಲಿ ‘ಇಲ್ಲ’ ಎಂದು ಬರೆದಿದ್ದೇನೆ, ರೆಕ್ಕೆಯ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ. ನಕ್ಷೆಪ್ರಿಯ ಅವರು ಅದನ್ನು ಯಾವ ಭಾಗದಲ್ಲಿ ಇಡಬೇಕೆಂದು ಸೂಚಿಸಿದರೆ ಕರಡನ್ನು ಪೂರ್ಣಗೊಳಿಸಬಹುದು.